ಹಳೇ ಮರೀನಾ ಜಾಗಕ್ಕೆ ಯಾವ ಡೀಸೆಲ್ ಕಾರು?

ನಮ್ಮ ಮನೆಯ ಟಾಟಾ ಇಂಡಿಗೋ ಮರೀನಾ 2007ರದು. ಹಿಂಬಾಗಿಲು ಎತ್ತಿದರೆ ಸೊಂಟಕ್ಕಿಂತ ಕೆಳಗೆ ಚಪ್ಪಟೆ ನೆಲ, ಮೇಲೆ ಛಾವಣಿಯವರೆಗೂ ಖಾಲಿ ಜಾಗ. ಮಳೆಗಾಲ ಹಿಡಿಯುವ ಮುಂಚೆ ಅಡಿಕೆಗೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ ಬೇಕಾದ ಮೈಲುತುತ್ತದ ಚೀಲ, ಸುಣ್ಣ, ಸ್ಪ್ರೇ ಪೈಪಿನ ಸುರುಳಿ. ಸುಗ್ಗಿಯಲ್ಲಿ ಮಂಡಿಗೆ ಹೋಗುವ ಅಡಿಕೆ ಮೂಟೆ. ನಡುನಡುವೆ ಮದುವೆ, ಮುಂಜಿ, ಅಪ್ಪನ ಚೆಕಪ್ಪಿಗೆ ಮಣಿಪಾಲ ಅಂತ ಐದು ಜನ. ಇಷ್ಟು ವರ್ಷ ಎಲ್ಲವನ್ನೂ ಒಂದೇ ಗಾಡಿ ಹೊತ್ತಿದೆ.

2022ರಲ್ಲಿ ಹದಿನೈದು ತುಂಬಿದಾಗ ಎಫ್‌ಸಿ (ಗಾಡಿ ಓಡಲು ಯೋಗ್ಯ ಎನ್ನುವ ಪ್ರಮಾಣಪತ್ರ) ಮಾಡಿಸಿ ಐದು ವರ್ಷಕ್ಕೆ ಆರ್‌ಸಿ ನವೀಕರಿಸಿಕೊಂಡೆವು. 2027ಕ್ಕೆ ಇಪ್ಪತ್ತು ತುಂಬುತ್ತದೆ. ಇಪ್ಪತ್ತು ದಾಟಿದ ಕಾರಿನ ನವೀಕರಣ ಶುಲ್ಕವನ್ನು ಕೇಂದ್ರ ಸರ್ಕಾರ 2025ರ ಆಗಸ್ಟಿನಲ್ಲಿ 5,000ದಿಂದ 10,000 ರೂಪಾಯಿಗೆ ಏರಿಸಿದೆ. ಶುಲ್ಕವನ್ನಾದರೂ ಕಟ್ಟಬಹುದು. ಮಲೆನಾಡಿನ ಅಷ್ಟೊಂದು ಮಳೆಗಾಲ ಕಂಡ ಅಡಿಭಾಗದ ತುಕ್ಕಿಗೆ ಮದ್ದಿಲ್ಲ. ಹಾಗಾಗಿ ಬದಲಿ ಹುಡುಕಲು ಹೊರಟೆ. ಎಂಟು ತಿಂಗಳು ಸಾಗರ, ಶಿರಸಿ, ಶಿವಮೊಗ್ಗ, ಮಂಗಳೂರು ಅಂತ ಸುತ್ತಿ, ಇಪ್ಪತ್ತಕ್ಕೂ ಹೆಚ್ಚು ಗಾಡಿಗಳ ಅಡಿಗೆ ಮಲಗಿ ನೋಡಿದ ಮೇಲೆ ತಿಳಿದದ್ದನ್ನು ಇಲ್ಲಿ ಬರೆದಿದ್ದೇನೆ. ನಮ್ಮ ಹಾಗೆಯೇ ಹಳೇ ಡೀಸೆಲ್ ಗಾಡಿಯನ್ನು ಮನೆಯವರಂತೆ ನೋಡಿಕೊಂಡು ಬಂದವರಿಗೆ ಉಪಯೋಗಕ್ಕೆ ಬಂದೀತು.

ಮೊದಲೇ ಹೇಳಿಬಿಡುತ್ತೇನೆ, ಮರೀನಾದಂಥ ಎಸ್ಟೇಟ್ ಕಾರು, ಅಂದರೆ ಡಿಕ್ಕಿಯ ಮೇಲೂ ಛಾವಣಿ ಚಾಚಿದ ಉದ್ದ ಕಾರು, ನಮ್ಮಲ್ಲಿ ಈಗ ಸಿಗುವುದಿಲ್ಲ. 1992ರ ಟಾಟಾ ಎಸ್ಟೇಟ್, ಆಮೇಲೆ ಓಪೆಲ್ ಕೋರ್ಸಾ ಸ್ವಿಂಗ್, ಬಲೆನೋ ಆಲ್ಟುರಾ, ಫಿಯೆಟ್ ವೀಕೆಂಡ್, ಸ್ಕೋಡಾ ಆಕ್ಟೇವಿಯಾ ಕಾಂಬಿ ಬಂದವು, ಹೋದವು. 2006ರ ಬಜೆಟ್ಟಿನಲ್ಲಿ ನಾಲ್ಕು ಮೀಟರಿಗಿಂತ ಗಿಡ್ಡ ಕಾರುಗಳಿಗೆ ಅಬಕಾರಿ ಸುಂಕ ಇಳಿಸಿದ ಮೇಲೆ ಕಂಪನಿಗಳು ಡಿಕ್ಕಿ ಕತ್ತರಿಸುವ ಕೆಲಸಕ್ಕೆ ಇಳಿದವು, ಉದ್ದ ಮಾಡುವ ಯೋಚನೆ ಬಿಟ್ಟವು. ಎಸ್ಟೇಟಿನ ಕೆಲಸ ಏಳು ಸೀಟಿನ ಗಾಡಿಗಳ ಪಾಲಿಗೆ ಬಂತು. ಈಗ ಹಳೇ ಎಸ್ಟೇಟ್ ಕೊಟ್ಟು ತರುವುದೆಂದರೆ ಇನ್ನೋವಾ, ಎರ್ಟಿಗಾ, ಲಾಜಿ, ಮರಾಜೋ, ಹೆಕ್ಸಾ, ಕಾರೆನ್ಸ್ ಇಂಥವುಗಳ ನಡುವೆ ಆರಿಸುವುದು.

ಸೀಟು ಎಣಿಸಬೇಡಿ, ಸೀಟು ಮಡಚಿ ನೋಡಿ

ಏಳು ಸೀಟು ಅಂದ ಕೂಡಲೇ ಮನೆಯವರೆಲ್ಲ ಖುಷಿಪಡುತ್ತಾರೆ. ಆದರೆ ಮೂರನೇ ಸಾಲು ಎದ್ದು ನಿಂತಾಗ ಹಿಂದೆ ಉಳಿಯುವುದು ಎರಡು ಬ್ಯಾಗಿನ ಜಾಗ ಅಷ್ಟೆ. ಮೊದಲ ತಲೆಮಾರಿನ ಎರ್ಟಿಗಾದಲ್ಲಿ ಅದು 135 ಲೀಟರ್, ಎರಡನೆಯದರಲ್ಲಿ 209. ನಮಗೆ ಬೇಕಿದ್ದುದು ಮರೀನಾದ ಆ ನೆಲ. ಆದ್ದರಿಂದ ಪ್ರತಿ ಗಾಡಿಯ ಮುಂದೆಯೂ ನಾನು ಮೊದಲು ಮಾಡಿದ ಕೆಲಸ ಮೂರನೇ ಸಾಲು ಮಡಚುವುದು. ಹೇಗೆ ಮಡಚುತ್ತದೆ ಎನ್ನುವುದರಲ್ಲೇ ಅರ್ಧ ತೀರ್ಮಾನವಾಗುತ್ತದೆ.

ಇನ್ನೋವಾದ ಹಿಂದಿನ ಸೀಟುಗಳು ಎರಡು ಬದಿಗೆ ಮೇಲೆದ್ದು ಗೋಡೆಗೆ ಆತುಕೊಳ್ಳುತ್ತವೆ. ನೆಲ ಖಾಲಿಯಾಗುತ್ತದೆ, ಅಗಲ ಹೋಗುತ್ತದೆ. ಮೂಟೆಗಳನ್ನು ಒಂದರ ಮೇಲೊಂದು ಇಡಬೇಕು, ಅಡ್ಡ ಮಲಗಿಸಲು ಆಗುವುದಿಲ್ಲ. ಎರ್ಟಿಗಾದಲ್ಲಿ ಸೀಟಿನ ಬೆನ್ನು ಮುಂದಕ್ಕೆ ಬಾಗಿ ಚಪ್ಪಟೆಯಾಗುತ್ತದೆ, ಮರೀನಾಕ್ಕೆ ಹತ್ತಿರದ ನೆಲ ಇದೇ. ಹೋಂಡಾ ಮೊಬಿಲಿಯೋ, ಬಿಆರ್‌ವಿಗಳಲ್ಲಿ ಇಡೀ ಸಾಲು ಮಡಚಿ ಎರಡನೇ ಸಾಲಿನ ಬೆನ್ನಿಗೆ ಉರುಳಿ ನಿಲ್ಲುತ್ತದೆ. ಎತ್ತರದ ಸಾಮಾನಿಗೆ ಒಳ್ಳೆಯದು, ಉದ್ದ ಮಾತ್ರ ಸ್ವಲ್ಪ ಕಳೆದುಹೋಗುತ್ತದೆ. ಇನ್ನೊಂದು ಎಚ್ಚರಿಕೆ: ನಡುವಿನ ಸಾಲಿನಲ್ಲಿ ಎರಡು ಬಿಡಿ ಬಿಡಿ ಸೀಟು ಇರುವ ಕಾರು ನೋಡಲು ಚೆಂದ, ವಯಸ್ಸಾದವರಿಗೆ ಹಾಯಿ. ಆದರೆ ಹಿಂದೆ ಸಾಮಾನು ತುಂಬಿದ ದಿನ ಅದು ಬರೀ ನಾಲ್ಕು ಜನರ ಕಾರು. ಐದನೆಯವರಿಗೆ ಬಸ್ಸೇ ಗತಿ. ಐದು ಜನರ ಮನೆಗೆ ನಡುವೆ ಉದ್ದ ಸೀಟೇ ಇರಬೇಕು.

ಹಿಂಬಾಗಿಲ ಅಂಚು ನೆಲದಿಂದ ಎಷ್ಟು ಎತ್ತರದಲ್ಲಿದೆ ಅಂತ ಟೇಪಿನಲ್ಲಿ ಅಳೆಯಿರಿ. ಇನ್ನೋವಾ, ಹೆಕ್ಸಾಗಳು ಚಾಸಿಸ್ ಮೇಲೆ ಕೂತ ಗಾಡಿಗಳು. ಒಂದು ಚೀಲ ಎತ್ತಿಡುವಾಗ ಕೆಲವೇ ಇಂಚಿನ ವ್ಯತ್ಯಾಸ, ಇಪ್ಪತ್ತನೇ ಚೀಲಕ್ಕೆ ಬೆನ್ನು ಲೆಕ್ಕ ಹೇಳುತ್ತದೆ.

ಇನ್ನೋವಾನೋ ಎರ್ಟಿಗಾನೋ

ಹಳ್ಳಿಯಲ್ಲಿ ಯಾರನ್ನು ಕೇಳಿದರೂ ಬರುವ ಉತ್ತರ ಇನ್ನೋವಾ. ಅಪ್ಪನದೂ ಅದೇ. ಅದಕ್ಕೆ ಕಾರಣವಿದೆ. 2005ರಲ್ಲಿ ಟೊಯೋಟಾ ಕಂಪನಿ ತನ್ನ ಕ್ವಾಲಿಸ್ ನಿಲ್ಲಿಸಿದಾಗ ಬಿಡದಿಯ ಕಾರ್ಖಾನೆಯಿಂದ ಹೊರಬಿದ್ದ ಈ ಗಾಡಿಯ 2494 ಸಿಸಿ ಡೀಸೆಲ್ ಎಂಜಿನ್ನು ಸರಿಯಾಗಿ ಆಯಿಲ್ ಬದಲಿಸಿದರೆ ಮೂರು ನಾಲ್ಕು ಲಕ್ಷ ಕಿಲೋಮೀಟರ್ ಓಡುವುದನ್ನು ನಾವೆಲ್ಲ ಕಣ್ಣಾರೆ ಕಂಡಿದ್ದೇವೆ. ಹಿಂದಿನ ಚಕ್ರಗಳು ಎಳೆಯುವ ಗಾಡಿಯಾದ್ದರಿಂದ ತುಂಬಿದಷ್ಟೂ ಹಿಡಿತ ಜಾಸ್ತಿ. ಹುಲಿಕಲ್ ಘಾಟಿಯಲ್ಲಿ ಏಳು ಜನ ಕೂತು ಹತ್ತುವಾಗ ಆ ನೆಮ್ಮದಿ ಗೊತ್ತಾಗುತ್ತದೆ.

ಆದರೆ ಹಳೇ ಇನ್ನೋವಾ ಕೊಳ್ಳುವವರು ಎರಡು ವಿಷಯ ನೋಡಲೇಬೇಕು. ಈ 2.5 ಲೀಟರ್ ಎಂಜಿನ್ನಿನಲ್ಲಿ ಟೈಮಿಂಗ್ ಬೆಲ್ಟ್ ಇದೆ, ಪಿಸ್ಟನ್ನಿಗೂ ವಾಲ್ವುಗಳಿಗೂ ತಾಳ ತಪ್ಪದಂತೆ ನೋಡಿಕೊಳ್ಳುವ ಪಟ್ಟಿ. ಯಾವಾಗ ಬದಲಿಸಿದ್ದು ಅಂತ ಬಿಲ್ಲು ಕೇಳಿ. ಬಿಲ್ಲಿಲ್ಲದಿದ್ದರೆ ಬದಲಿಸಿಲ್ಲ ಅಂತಲೇ ತಿಳಿದು ಆ ಖರ್ಚನ್ನು ಬೆಲೆಯಲ್ಲಿ ಇಳಿಸಿಕೊಳ್ಳಿ. ಬೆಲ್ಟ್ ತುಂಡಾದರೆ ವಾಲ್ವುಗಳಿಗೆ ಪಿಸ್ಟನ್ ಬಡಿದು ಎಂಜಿನ್ ಕೆಲಸವೇ ಬೀಳುತ್ತದೆ. ಎರಡನೆಯದು, ಅದು ಟ್ಯಾಕ್ಸಿಯಾಗಿತ್ತೇ ಎನ್ನುವುದು. ಹಳದಿ ಬೋರ್ಡಿನಿಂದ ಬಿಳಿ ಬೋರ್ಡಿಗೆ ಬಂದ ಗಾಡಿಗಳು ಮಾರುಕಟ್ಟೆಯಲ್ಲಿ ಬೇಕಾದಷ್ಟಿವೆ. ಬದಲಿಸಿಕೊಳ್ಳುವುದು ತಪ್ಪಲ್ಲ, ಮುಚ್ಚಿಡುವುದು ತಪ್ಪು. ಹಿಂದಿನ ವರ್ಷಗಳ ವಿಮೆ ಪಾಲಿಸಿ ಕೇಳಿದರೆ ವಾಣಿಜ್ಯ ವಾಹನವೋ ಅಲ್ಲವೋ ಅದರಲ್ಲೇ ಇರುತ್ತದೆ. ಮೀಟರ್ ತೊಂಬತ್ತು ಸಾವಿರ ತೋರಿಸುತ್ತಿದ್ದು, ಕ್ಲಚ್ ಪೆಡಲಿನ ರಬ್ಬರ್ ಸವೆದು ನುಣ್ಣಗಾಗಿದ್ದರೆ, ಡ್ರೈವರ್ ಸೀಟಿನ ಬಲಬದಿ ಕುಸಿದಿದ್ದರೆ ಮೀಟರನ್ನು ನಂಬಬೇಡಿ. ಶಿವಮೊಗ್ಗದಲ್ಲಿ ಒಬ್ಬ ವ್ಯಾಪಾರಿ ನನಗೆ 'ಡಾಕ್ಟರ ಮನೆಯ ಗಾಡಿ, ಒಂದು ಲಕ್ಷ ಅಷ್ಟೇ ಓಡಿರೋದು' ಅಂತ ತೋರಿಸಿದ ಕಾರಿನ ನಂಬರು ಕೊಟ್ಟು ಸರ್ವಿಸ್ ಸೆಂಟರಿನಲ್ಲಿ ವಿಚಾರಿಸಿದೆ. ನಾಲ್ಕು ವರ್ಷದ ಹಿಂದೆಯೇ 1,86,000 ದಾಟಿತ್ತು.

2016ರಲ್ಲಿ ಬಂದ ಇನ್ನೋವಾ ಕ್ರಿಸ್ಟಾ ಬೇರೆಯದೇ ದರ್ಜೆ. 2.4 ಲೀಟರ್, 150 ಪಿಎಸ್ (ಹೆಚ್ಚುಕಡಿಮೆ ಅಶ್ವಶಕ್ತಿ), ಬೆಲ್ಟ್ ಬದಲು ಟೈಮಿಂಗ್ ಚೈನು. ಓಡಿಸಲು ಅದರಷ್ಟು ಹಿತವಾದ ಗಾಡಿ ನಾನು ನೋಡಿದ್ದರಲ್ಲಿ ಇನ್ನೊಂದಿಲ್ಲ. ಹತ್ತು ವರ್ಷವಾಗುತ್ತ ಬಂದರೂ ಬೆಲೆ ಇಳಿಯದಿರುವುದು ಮಾರುವವರಿಗೆ ವರ, ಕೊಳ್ಳುವವರಿಗೆ ಅಲ್ಲ. ವರ್ಷಕ್ಕೆ ಇಪ್ಪತ್ತು ಸಾವಿರ ಕಿಲೋಮೀಟರ್ ಓಡಿಸುವವರಿಗೆ, ಆರೇಳು ಜನ ಸದಾ ಇರುವ ಮನೆಗೆ ಅಷ್ಟು ಹಣ ಹಾಕಬಹುದು. ನಮ್ಮಂಥವರಿಗೆ ಅದು ತೋಟದ ದುಡ್ಡನ್ನು ಅಂಗಳದಲ್ಲಿ ನಿಲ್ಲಿಸಿದ ಹಾಗೆ.

ಇನ್ನು ಎರ್ಟಿಗಾ. 2012ರಿಂದ ಬಂದ ಡೀಸೆಲ್ ಎರ್ಟಿಗಾದಲ್ಲಿರುವುದು ಫಿಯೆಟ್ ಮೂಲದ 1248 ಸಿಸಿ ಮಲ್ಟಿಜೆಟ್. ಸ್ವಿಫ್ಟ್, ಡಿಜೈರ್, ಇಂಡಿಕಾ ವಿಸ್ಟಾ, ಪುಂಟೋ, ಲೀನಿಯಾ ಎಲ್ಲದರಲ್ಲೂ ಇದ್ದ ಎಂಜಿನ್. ಸಿದ್ದಾಪುರ, ಹೊಸನಗರದಂಥ ಸಣ್ಣ ಪೇಟೆಯ ಗ್ಯಾರೇಜಿನವರಿಗೂ ಇದರ ಒಳಹೊರಗು ಗೊತ್ತು, ಬಿಡಿಭಾಗ ಮರುದಿನ ಬಸ್ಸಿಗೆ ಬರುತ್ತದೆ. 90 ಪಿಎಸ್, 200 ನ್ಯೂಟನ್ ಮೀಟರ್ ಟಾರ್ಕ್, ಅಂದರೆ ಎಳೆಯುವ ಬಲ. ಕಾಗದದ ಮೇಲೆ ಸಾಕು. ರಸ್ತೆಯಲ್ಲಿ ಎರಡು ಸಾವಿರ ಆರ್‌ಪಿಎಂ ಕೆಳಗೆ ಎಂಜಿನ್ ಎದ್ದೇಳುವುದಿಲ್ಲ. ಘಾಟಿಯ ತಿರುವಿನಲ್ಲಿ ಎದುರಿಗೆ ಲಾರಿ ಬಂದು ನಿಂತು, ತುಂಬಿದ ಗಾಡಿಯನ್ನು ಮತ್ತೆ ಎತ್ತಬೇಕಾದಾಗ ಅರ್ಧ ಕ್ಲಚ್ಚಿನಲ್ಲಿ ಎಳೆಯುವುದು ಅನಿವಾರ್ಯ. ಆದ್ದರಿಂದಲೇ ಮಲೆನಾಡಿನ ಎರ್ಟಿಗಾಗಳಲ್ಲಿ ಕ್ಲಚ್ ಪ್ಲೇಟ್ ಬಯಲುಸೀಮೆಯ ಗಾಡಿಗಳಿಗಿಂತ ಬೇಗ ಸವೆಯುತ್ತದೆ. ಇದನ್ನು ದೋಷ ಅಂತ ತಿಳಿಯದೆ ಬೆಲೆಯ ಲೆಕ್ಕದಲ್ಲಿ ಸೇರಿಸಿಕೊಳ್ಳಬೇಕು.

2015ರಿಂದ ಬಂದವಕ್ಕೆ ಎಸ್‌ಎಚ್‌ವಿಎಸ್ ಅನ್ನುವ ಸಣ್ಣ ಹೈಬ್ರಿಡ್ ವ್ಯವಸ್ಥೆ ಇದೆ. ನಿಂತಾಗ ಎಂಜಿನ್ ಆರಿಸಿ, ಹೊರಡುವಾಗ ಸ್ವಲ್ಪ ನೂಕುತ್ತದೆ. ಅದರ ಬ್ಯಾಟರಿ ಮಾಮೂಲಿಗಿಂತ ದೊಡ್ಡದು, ದುಬಾರಿ. ಯಾವ ವರ್ಷ ಬದಲಿಸಿದ್ದು ಅಂತ ಕೇಳಿ. ಎರಡನೇ ತಲೆಮಾರಿನ ಎರ್ಟಿಗಾಕ್ಕೆ 2019ರಲ್ಲಿ ಮಾರುತಿಯದೇ 1498 ಸಿಸಿ ಡೀಸೆಲ್ ಬಂತು, 95 ಪಿಎಸ್. 2020ರ ಏಪ್ರಿಲ್‌ಗೆ ಹೊಗೆ ಮಿತಿಯ ಹೊಸ ನಿಯಮ ಬಿಎಸ್6 ಜಾರಿಯಾಗುವಾಗ ಮಾರುತಿ ಡೀಸೆಲ್ಲನ್ನೇ ಕೈಬಿಟ್ಟಿತು. ಹಾಗಾಗಿ ಈ ಎಂಜಿನ್ನಿನ ಎರ್ಟಿಗಾಗಳು ಮಾರಾಟವಾದದ್ದು ಒಂದು ವರ್ಷಕ್ಕೂ ಕಡಿಮೆ. ಓಡಿಸಲು ಹಳೆಯದಕ್ಕಿಂತ ಎಷ್ಟೋ ಚೆನ್ನ. ಸಿಕ್ಕಿದರೆ ಬಿಡಬೇಡಿ ಅನ್ನುವ ಗಾಡಿ, ಆದರೆ ಸಿಗುವುದು ಕಷ್ಟ.

ಮೈಲೇಜಿನ ಲೆಕ್ಕ ಒಮ್ಮೆ ಕಾಗದದ ಮೇಲೆ ಹಾಕಿ. ನಮ್ಮ ಓಡಾಟ ವರ್ಷಕ್ಕೆ ಎಂಟು ಸಾವಿರ ಕಿಲೋಮೀಟರ್. ನಮ್ಮ ರಸ್ತೆಗಳಲ್ಲಿ ಹಳೇ ಇನ್ನೋವಾ 12, ಎರ್ಟಿಗಾ 18 ಕೊಡುತ್ತದೆ ಅಂತ ಇಟ್ಟುಕೊಂಡರೆ ಒಂದಕ್ಕೆ 667 ಲೀಟರ್, ಇನ್ನೊಂದಕ್ಕೆ 444. ಲೀಟರಿಗೆ 90 ರೂಪಾಯಿ ಹಿಡಿದರೆ ವರ್ಷಕ್ಕೆ ಇಪ್ಪತ್ತು ಸಾವಿರದ ವ್ಯತ್ಯಾಸ. ಇಪ್ಪತ್ತು ಸಾವಿರ ಕಿಲೋಮೀಟರ್ ಓಡಿಸುವವರಿಗೆ ಇದೇ ಐವತ್ತು ಸಾವಿರ. ಹತ್ತು ಹನ್ನೆರಡು ವರ್ಷದ ಹಿಂದೆ ಪೆಟ್ರೋಲಿಗೂ ಡೀಸೆಲ್ಲಿಗೂ ಇದ್ದಷ್ಟು ದೊಡ್ಡ ಅಂತರ ಈಗಿಲ್ಲ. 2014ರ ಅಕ್ಟೋಬರಿನಲ್ಲಿ ಡೀಸೆಲ್ ಬೆಲೆಯ ನಿಯಂತ್ರಣ ತೆಗೆದ ಮೇಲೆ ಅದು ಕಿರಿದಾಗಿದೆ. ವರ್ಷಕ್ಕೆ ನಾಲ್ಕೈದು ಸಾವಿರವೂ ಓಡಿಸದವರು ಪೆಟ್ರೋಲ್ ಗಾಡಿ ನೋಡುವುದೇ ಸರಿ.

ಉಳಿದವುಗಳಲ್ಲಿ ಯಾವುದು

ರೆನೋ ಲಾಜಿಯ ಬಗ್ಗೆ ನನಗೆ ಪಕ್ಷಪಾತವಿದೆ ಅಂತ ಒಪ್ಪಿಕೊಳ್ಳುತ್ತೇನೆ. 2015ರಲ್ಲಿ ಬಂದ ಈ ಗಾಡಿಯನ್ನು ಜನ ಕೈಹಿಡಿಯಲಿಲ್ಲ, 2020ಕ್ಕೆ ನಿಂತೇಹೋಯಿತು. ಅದರಿಂದಲೇ ಹಳೇ ಮಾರುಕಟ್ಟೆಯಲ್ಲಿ ಅಗ್ಗ. 1461 ಸಿಸಿಯ ಡೀಸೆಲ್ ಎಂಜಿನ್ ಡಸ್ಟರಿನಲ್ಲಿ, ನಿಸಾನ್ ಟೆರಾನೋದಲ್ಲಿ ಇದ್ದದ್ದೇ. 110 ಪಿಎಸ್ಸಿನ ಮಾದರಿ ಘಾಟಿಯಲ್ಲಿ ಎರ್ಟಿಗಾವನ್ನು ಹಿಂದೆ ಹಾಕುತ್ತದೆ, ಮೂರನೇ ಸಾಲಿನಲ್ಲಿ ದೊಡ್ಡವರೂ ಕೂರಬಹುದು. ಇದಕ್ಕೂ ಟೈಮಿಂಗ್ ಬೆಲ್ಟ್ ಇದೆ, ಬಿಲ್ಲು ಕೇಳಬೇಕು. ಎಂಜಿನ್ನಿನ ಭಾಗಕ್ಕೆ ಚಿಂತೆಯಿಲ್ಲ. ಲೈಟು, ಬಂಪರ್, ಬಾಗಿಲಿನಂಥ ಹೊರಮೈಯ ಭಾಗಗಳು ಆ ಕಾರಿನದೇ ಆಗಬೇಕಲ್ಲ, ಅವುಗಳನ್ನು ಎಷ್ಟು ದಿನದಲ್ಲಿ ತರಿಸಿಕೊಡುತ್ತೀರಿ ಅಂತ ಹತ್ತಿರದ ಗ್ಯಾರೇಜಿನಲ್ಲಿ ಕೇಳಿಯೇ ಮುಂದುವರಿಯಿರಿ.

ಇದೇ ಮಾತು ಷೆವರ್ಲೆ ಎಂಜಾಯ್‌ಗೆ ಇನ್ನೂ ಗಟ್ಟಿಯಾಗಿ ಅನ್ವಯಿಸುತ್ತದೆ. ಜನರಲ್ ಮೋಟರ್ಸ್ 2017ರ ಕೊನೆಗೇ ಇಲ್ಲಿ ಮಾರಾಟ ನಿಲ್ಲಿಸಿತು. ಬೆಲೆ ಕೇಳಿ ಆಸೆಯಾಗುತ್ತದೆ, ಎಂಜಿನ್ ಅದೇ 1.3 ಮಲ್ಟಿಜೆಟ್. ಆದರೂ ಹಳ್ಳಿಯಲ್ಲಿರುವವರಿಗೆ ಬೇಡ.

ಮಹೀಂದ್ರಾ ಮರಾಜೋ ನನ್ನ ಪಟ್ಟಿಯಲ್ಲಿ ಕೊನೆಯವರೆಗೂ ಇತ್ತು. 2018ರಲ್ಲಿ ಬಂದದ್ದು, 1.5 ಲೀಟರ್ ಡೀಸೆಲ್, 300 ನ್ಯೂಟನ್ ಮೀಟರ್ ಟಾರ್ಕ್. ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆಯ ಅಪಘಾತ ಪರೀಕ್ಷೆಯಲ್ಲಿ ದೊಡ್ಡವರ ರಕ್ಷಣೆಗೆ ನಾಲ್ಕು ನಕ್ಷತ್ರ ಪಡೆದಿತ್ತು. ಎರಡನೇ ತಲೆಮಾರಿನ ಎರ್ಟಿಗಾಕ್ಕೆ ಸಿಕ್ಕಿದ್ದು ಮೂರು. ಅದರ ಮಾರಾಟವೂ ನಿಂತಿದೆ, ಆದರೆ ಮಹೀಂದ್ರಾ ಸರ್ವಿಸ್ ಎಲ್ಲ ಕಡೆ ಇದೆ. ನಡುವೆ ಉದ್ದ ಸೀಟಿರುವ ಎಂಟು ಸೀಟಿನ ಮಾದರಿ ಸಿಕ್ಕಿದ್ದರೆ ನಾನು ಅದನ್ನೇ ತರುತ್ತಿದ್ದೆನೋ ಏನೋ. ಟಾಟಾ ಹೆಕ್ಸಾ ಗಟ್ಟಿ ಗಾಡಿ, 2.2 ಲೀಟರ್, ನಾಲ್ಕೂ ಚಕ್ರ ಎಳೆಯುವ ಮಾದರಿಯೂ ಇತ್ತು. ಮಳೆಗಾಲದಲ್ಲಿ ಕೆಸರು ರಸ್ತೆ ದಾಟಿ ಮನೆ ಸೇರಬೇಕಾದವರು ಅದನ್ನು ನೋಡಲಿ. ಡೀಸೆಲ್ ಕುಡಿಯುವುದು ಮಾತ್ರ ಇನ್ನೋವಾದಷ್ಟೇ.

ಹೊಸದೇ ಬೇಕು ಅನ್ನುವವರಿಗೆ ಕಿಯಾ ಕಾರೆನ್ಸ್ ಡೀಸೆಲ್, 2022ರಿಂದ ಬಂದದ್ದು, 115 ಪಿಎಸ್. ಒಳ್ಳೆಯ ಎಂಜಿನ್. ಆದರೆ ಇಲ್ಲಿ ಒಂದು ಮಾತನ್ನು ನಿಂತು ಹೇಳಬೇಕು, ಯಾಕೆಂದರೆ ಹಳೇ ಡೀಸೆಲ್ಲಿನಿಂದ ಹೊಸ ಡೀಸೆಲ್ಲಿಗೆ ಹೋಗುವವರು ಹೆಚ್ಚಾಗಿ ಎಡವುವುದು ಇಲ್ಲೇ. ಬಿಎಸ್6 ಡೀಸೆಲ್ ಕಾರಿನ ಹೊಗೆಕೊಳವೆಯಲ್ಲಿ ಡಿಪಿಎಫ್ ಅನ್ನುವ ಸೋಸುಕ ಇರುತ್ತದೆ. ಎಂಜಿನ್ನಿನ ಮಸಿಯನ್ನು ಹಿಡಿದಿಟ್ಟು, ಆಗಾಗ ಹೆಚ್ಚಿನ ಬಿಸಿಯಲ್ಲಿ ಸುಟ್ಟುಕೊಳ್ಳುತ್ತದೆ. ಹಾಗೆ ಸುಡಬೇಕಾದರೆ ಗಾಡಿ ಹದಿನೈದು ಇಪ್ಪತ್ತು ನಿಮಿಷ ಒಂದೇ ವೇಗದಲ್ಲಿ ಹೆದ್ದಾರಿಯಲ್ಲಿ ಓಡಬೇಕು. ಮನೆಯಿಂದ ಡೇರಿಗೆ, ಡೇರಿಯಿಂದ ಪೇಟೆಗೆ, ನಾಲ್ಕು ಕಿಲೋಮೀಟರ್ ಹೋಗಿ ಆರಿಸಿ, ಮತ್ತೆ ನಾಲ್ಕು ಕಿಲೋಮೀಟರ್ ಬರುವ ಗಾಡಿಗೆ ಆ ಬಿಸಿಯೇ ಏರುವುದಿಲ್ಲ. ಮಸಿ ಕಟ್ಟುತ್ತದೆ, ಡ್ಯಾಶ್‌ಬೋರ್ಡಿನಲ್ಲಿ ದೀಪ ಹತ್ತುತ್ತದೆ, ಗಾಡಿ ವೇಗ ಹಿಡಿಯದೆ ಕುಂಟುತ್ತದೆ, ಸೋಸುಕವನ್ನೇ ಬದಲಿಸಬೇಕೆಂದರೆ ದೊಡ್ಡ ಖರ್ಚು. ನಮ್ಮ ನಿತ್ಯದ ಓಡಾಟ ಇಂಥದ್ದೇ. ಹಾಗಾಗಿ 2017ರಿಂದ 2020ರ ನಡುವಿನ, ಹಿಂದಿನ ನಿಯಮದ ಬಿಎಸ್4 ಡೀಸೆಲ್ಲೇ ನಮಗೆ ಸರಿ ಅಂತ ನಿಶ್ಚಯಿಸಿದೆ. ವಾರಕ್ಕೊಮ್ಮೆಯಾದರೂ ದೂರದ ಪ್ರಯಾಣ ಇರುವವರಿಗೆ ಈ ಹೆದರಿಕೆ ಬೇಕಿಲ್ಲ.

ಗಾಡಿ ನೋಡಲು ಹೋದ ದಿನ

ಬೆಳಿಗ್ಗೆ ಬೇಗ ಹೋಗಿ, ಹೇಳದೆ ಸ್ವಲ್ಪ ಮುಂಚೆಯೇ ಹೋಗಿ. ಬಾನೆಟ್ ಮುಟ್ಟಿ ನೋಡಿ, ತಣ್ಣಗಿರಬೇಕು. ಡೀಸೆಲ್ ಎಂಜಿನ್ನಿನ ನಿಜವಾದ ಆರೋಗ್ಯ ತಿಳಿಯುವುದು ರಾತ್ರಿಯಿಡೀ ನಿಂತು ತಣಿದ ಮೇಲೆ ಮೊದಲ ಸಲ ಸ್ಟಾರ್ಟ್ ಮಾಡಿದಾಗ. ತುಂಬ ಹೊತ್ತು ಎಳೆಸಿಕೊಂಡರೆ, ಬಿಳಿ ಹೊಗೆ ನಿಲ್ಲದಿದ್ದರೆ ಇಂಜೆಕ್ಟರೋ ಗ್ಲೋ ಪ್ಲಗ್ಗೋ ನೋಡಿಸಬೇಕು. ನೀಲಿ ಹೊಗೆಯಾದರೆ ಎಂಜಿನ್ ಆಯಿಲ್ ಉರಿಯುತ್ತಿದೆ ಅಂತ ಅರ್ಥ, ವಾಪಸು ಬನ್ನಿ. ಎಂಜಿನ್ ಓಡುತ್ತಿರುವಾಗ ಆಯಿಲ್ ಹಾಕುವ ಮುಚ್ಚಳ ಬಿಚ್ಚಿದರೆ ಹಬೆ ದಬದಬ ಅಂತ ನುಗ್ಗಬಾರದು.

ಕರಾವಳಿಯ ಗಾಡಿಯಾದರೆ ಅಡಿಯಲ್ಲಿ ಮಲಗಿ ನೋಡದೆ ಕೊಳ್ಳಬೇಡಿ. ಉಪ್ಪುಗಾಳಿಗೆ ಸೈಲೆನ್ಸರ್ ಬ್ರಾಕೆಟ್, ಹಿಂದಿನ ಚಕ್ರದ ಒಳಕಮಾನು ಮೊದಲು ಹೋಗುತ್ತವೆ. ನೆರೆನೀರಲ್ಲಿ ನಿಂತ ಗಾಡಿಗಳೂ ಮಾರುಕಟ್ಟೆಗೆ ಬರುತ್ತವೆ. 2015ರ ಚೆನ್ನೈ, 2018ರ ಕೇರಳ, 2019ರ ನಮ್ಮ ರಾಜ್ಯದ ನೆರೆಯಲ್ಲಿ ಮುಳುಗಿದ ಕಾರುಗಳು ಎಷ್ಟೋ. ಸೀಟ್ ಬೆಲ್ಟನ್ನು ಪೂರ್ತಿ ಹೊರಗೆಳೆದು ಕೊನೆಯ ಭಾಗದಲ್ಲಿ ಕೆಸರಿನ ಕಲೆಯಿದೆಯೇ ನೋಡಿ. ಒಳಗೆಷ್ಟೇ ತೊಳೆದರೂ ಅಲ್ಲಿಯವರೆಗೆ ತೊಳೆಯುವವರು ಕಡಿಮೆ. ಏರ್‌ಬ್ಯಾಗ್, ಎಬಿಎಸ್ ಇವೆಯೇ ಅಂತಲೂ ವಿಚಾರಿಸಿ. 2019ಕ್ಕಿಂತ ಹಿಂದಿನ ಕೆಳಹಂತದ ಮಾದರಿಗಳಲ್ಲಿ ಎರಡೂ ಇಲ್ಲದಿರುವುದುಂಟು, ಅಂಥದ್ದನ್ನು ಎಷ್ಟು ಅಗ್ಗಕ್ಕೆ ಕೊಟ್ಟರೂ ನಾನಂತೂ ಮನೆಗೆ ತರುವುದಿಲ್ಲ.

ದಿಲ್ಲಿ ಕಡೆಯ ಗಾಡಿಗಳ ಬೆಲೆ ನೋಡಿ ಮರುಳಾಗುವವರಿದ್ದಾರೆ. ಹತ್ತು ವರ್ಷ ದಾಟಿದ ಡೀಸೆಲ್ ವಾಹನಗಳಿಗೆ ಅಲ್ಲಿ 2015ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ನಿರ್ಬಂಧ ಹಾಕಿತು, 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಆ ಹೆದರಿಕೆಗೆ ಅಲ್ಲಿಯವರು ಸಿಕ್ಕಿದ ಬೆಲೆಗೆ ಕೊಟ್ಟರು. ಇಲ್ಲಿಗೆ ತಂದು ಹನ್ನೆರಡು ತಿಂಗಳಿಗಿಂತ ಹೆಚ್ಚು ಇಟ್ಟುಕೊಳ್ಳಬೇಕಾದರೆ ಎನ್‌ಒಸಿ ತರಿಸಿ, ಕೆಎ ನಂಬರ್ ಮಾಡಿಸಿ, ಗಾಡಿಯ ವಯಸ್ಸಿಗೆ ತಕ್ಕ ಜೀವಾವಧಿ ತೆರಿಗೆ ಕಟ್ಟಬೇಕು. ಕರ್ನಾಟಕದ ರಸ್ತೆ ತೆರಿಗೆ ದೇಶದಲ್ಲೇ ದುಬಾರಿ ಸಾಲಿನದು. ಅದನ್ನೂ ಲಾರಿ ಬಾಡಿಗೆಯನ್ನೂ ಕೂಡಿಸಿದರೆ ಅಗ್ಗ ಅನ್ನಿಸಿದ್ದು ಅಗ್ಗವಾಗಿ ಉಳಿಯುವುದಿಲ್ಲ.

ಕೊನೆಗೆ ನಾವು ತಂದದ್ದು ಶಿರಸಿಯ ಒಬ್ಬ ನಿವೃತ್ತ ಮೇಷ್ಟ್ರ 2017ರ ಎರ್ಟಿಗಾ, 1.3 ಡೀಸೆಲ್, ಎರಡು ಏರ್‌ಬ್ಯಾಗ್, 78,000 ಕಿಲೋಮೀಟರ್. ಪ್ರತಿ ಸರ್ವಿಸಿನ ಬಿಲ್ಲನ್ನೂ ಒಂದು ಫೈಲಿನಲ್ಲಿ ಜೋಡಿಸಿಟ್ಟಿದ್ದರು. ಅದಕ್ಕಿಂತ ಹೊಸದು, ಅದಕ್ಕಿಂತ ಅಗ್ಗದ್ದು ಎರಡೂ ಸಿಕ್ಕಿದ್ದವು, ಆ ಫೈಲು ಸಿಕ್ಕಿರಲಿಲ್ಲ. ಕ್ಲಚ್ ಹೊಸದಾಗಿ ಹಾಕಿಸಿಕೊಂಡೆವು. ಮೊದಲ ಸಲ ಹುಲಿಕಲ್ ಹತ್ತಿದಾಗ ಅಪ್ಪ, 'ಇನ್ನೋವಾ ಆಗಿದ್ರೆ ಇಷ್ಟು ಹೊತ್ತಿಗೆ ಮೇಲಿರ್ತಿತ್ತು' ಅಂದರು. ಡೀಸೆಲ್ ಬಂಕಿನಲ್ಲಿ ಏನೂ ಅನ್ನಲಿಲ್ಲ.

ಹಳೇ ಗಾಡಿ ಕೊಡುವಾಗಲೂ ಅಷ್ಟೇ ಜಾಗ್ರತೆ ಬೇಕು. ಮಾಲೀಕತ್ವ ಬದಲಿಸುವ 29, 30ನೇ ನಮೂನೆಗಳನ್ನು ಸಹಿ ಹಾಕಿ ಖಾಲಿಯಾಗಿಯೇ ವ್ಯಾಪಾರಿಯ ಕೈಗಿಟ್ಟು ಬಂದರೆ, ಆರ್‌ಸಿ ಬೇರೆಯವರ ಹೆಸರಿಗೆ ಆಗುವ ತನಕ ಆ ಗಾಡಿ ಮಾಡುವ ಅಪಘಾತಕ್ಕೂ ದಂಡಕ್ಕೂ ನೋಟಿಸು ಬರುವುದು ನಿಮ್ಮ ಮನೆಗೇ. ನಿಮ್ಮ ಪಾಲಿಸಿಯ ನೋ ಕ್ಲೇಮ್ ಬೋನಸ್, ಅಂದರೆ ವಿಮೆಯ ಹಣ ಕೇಳದೆ ಇದ್ದುದಕ್ಕೆ ಸಿಗುವ ರಿಯಾಯಿತಿ, ಗಾಡಿಯ ಜೊತೆ ಹೋಗುವುದಿಲ್ಲ, ನಿಮ್ಮದಾಗಿಯೇ ಉಳಿಯುತ್ತದೆ. ವಿಮೆ ಕಂಪನಿಯಿಂದ ಪತ್ರ ಪಡೆದು ಹೊಸ ಗಾಡಿಗೆ ಹಾಕಿಸಿಕೊಳ್ಳಿ, ಫಾಸ್ಟ್ಯಾಗ್ ಮುಚ್ಚಿಸಿ. ಮರೀನಾವನ್ನು ತರಕಾರಿ ವ್ಯಾಪಾರ ಶುರುಮಾಡಿದ ಪಕ್ಕದೂರಿನ ಹುಡುಗನಿಗೆ ಕೊಟ್ಟೆವು. ಅಡಿಯ ತುಕ್ಕನ್ನೂ 2027ರ ಎಫ್‌ಸಿಯನ್ನೂ ಮೊದಲೇ ಹೇಳಿ, ಬೆಲೆ ಇಳಿಸಿ, ಆರ್‌ಟಿಒದಲ್ಲಿ ಅವನ ಹೆಸರಿಗೆ ಆದ ಮೇಲೆಯೇ ಎರಡನೇ ಕೀಲಿ ಕೈಗಿತ್ತೆ.